ಆರುನೂರು ಪುಟ್ಟ ರಿವೆಟ್‌ಗಳು: ಸುತ್ತಿಗೆಯಿಂದ ಒತ್ತುಯಂತ್ರದವರೆಗೆ

ಇವತ್ತು ನಾವು ಮಾತಾಡೋ ವಸ್ತು ತುಂಬಾ ಚಿಕ್ಕದು. ಸಾಸಿವೆ ಕಾಳಿಗಿಂತ ಚೂರು ದೊಡ್ಡದು, ಅಷ್ಟೇ. ಅದರ ಹೆಸರು ರಿವೆಟ್.

ರಿವೆಟ್ ಅಂದ್ರೆ ಏನು ಅಂತ ತಿಳಿಯೋಕೆ ಅಡುಗೆಮನೆಗೆ ಹೋದರೆ ಸಾಕು. ಕಬ್ಬಿಣದ ಬಾಣಲೆಯ ಹಿಡಿ ಬಾಣಲೆಗೆ ಸೇರೋ ಜಾಗದಲ್ಲಿ ಎರಡೋ ಮೂರೋ ಗುಂಡು ತಲೆಗಳು ಕಾಣುತ್ತವಲ್ಲ, ಅವೇ ರಿವೆಟ್‌ಗಳು. ಅಜ್ಜಿಯ ಅಡಕತ್ತರಿಯಲ್ಲಿ ಎರಡು ತೋಳುಗಳನ್ನು ಹಿಡಿದಿಟ್ಟಿರೋದೂ ಒಂದು ರಿವೆಟ್ಟೇ. ಒಂದು ತುದಿಯಲ್ಲಿ ತಲೆ ಇರುವ ಲೋಹದ ಕಡ್ಡಿಯನ್ನು ಎರಡು ತಗಡುಗಳ ತೂತಿನಲ್ಲಿ ತೂರಿಸಿ, ಆಚೆ ಕಡೆ ಹೊರಬಂದ ತುದಿಯನ್ನು ಬಡಿದು ಇನ್ನೊಂದು ತಲೆ ಮಾಡಿದರೆ ಮುಗೀತು. ತಿರುಪಿಲ್ಲ, ಅಂಟಿಲ್ಲ. ಬಿಚ್ಚಬೇಕಂದ್ರೆ ರಿವೆಟ್ಟನ್ನೇ ಹಾಳು ಮಾಡಬೇಕು.

ಬ್ರಿಟನ್ನಿನಲ್ಲಿರುವ ಕೇಳುಗರು ಭಾನುವಾರ ಮಕ್ಕಳನ್ನು ಪಾರ್ಕಿಗೆ ಕರೆದುಕೊಂಡು ಹೋದಾಗ ಮೊಣಕಾಲೆತ್ತರದ ಉಗಿಬಂಡಿಯೊಂದು ನಿಜವಾದ ಕಲ್ಲಿದ್ದಲು ಉರಿಸಿಕೊಂಡು, ಹಿಂದೆ ಹತ್ತಾರು ಜನರನ್ನು ಕೂರಿಸಿಕೊಂಡು ಓಡೋದನ್ನು ನೋಡಿರಬಹುದು. ಅವು ಅಂಗಡಿಯಲ್ಲಿ ಕೊಂಡ ಆಟಿಕೆಗಳಲ್ಲ. ಮನೆಯ ಹಿಂದಿನ ಶೆಡ್ಡಿನಲ್ಲಿ ಹಲವು ವರ್ಷ ಕೂತು ಕೈಯಾರೆ ಮಾಡಿದ ಯಂತ್ರಗಳು. ಈ ಹವ್ಯಾಸಕ್ಕೆ ಮಾಡೆಲ್ ಇಂಜಿನಿಯರಿಂಗ್ ಅನ್ನುತ್ತಾರೆ. ಇದಕ್ಕೆ ಮೀಸಲಾದ 'ಮಾಡೆಲ್ ಇಂಜಿನಿಯರ್' ಪತ್ರಿಕೆಯನ್ನು ಪರ್ಸಿವಲ್ ಮಾರ್ಷಲ್ ಲಂಡನ್ನಿನಲ್ಲಿ ಶುರು ಮಾಡಿದ್ದು 1898ರಲ್ಲಿ. ಅಂದ್ರೆ ಇದು ಒಂದೂಕಾಲು ಶತಮಾನದ ಹವ್ಯಾಸ.

ಈ ಹವ್ಯಾಸಿಗಳ ಎದೆ ನಡುಗಿಸೋ ಕೆಲಸಗಳಲ್ಲಿ ಒಂದು, ಬಂಡಿಯ ಹಿಂದಿರುವ ನೀರಿನ ತೊಟ್ಟಿಯ ರಿವೆಟ್‌ಗಳು. ಒಂದು ತೊಟ್ಟಿಗೆ 600 ರಿವೆಟ್ ಅಂತ ಇಟ್ಟುಕೊಳ್ಳೋಣ. ಪ್ರತಿಯೊಂದರ ಕಡ್ಡಿ 1/16 ಇಂಚು, ಅಂದ್ರೆ ಸುಮಾರು 1.6 ಮಿಲಿಮೀಟರ್ ದಪ್ಪ. 600ರಲ್ಲಿ ಒಂದು ಸೊಟ್ಟಗಾದರೂ ಅದು ಕಣ್ಣಿಗೆ ಹೊಡೆಯುತ್ತೆ. ಇಷ್ಟನ್ನೂ ಒಂದೇ ಥರ ಕೂರಿಸೋ ಉಪಕರಣ ಹೇಗಿರಬೇಕು? ಅದರ ಹಿಂದಿನ ಭೌತವಿಜ್ಞಾನ ಏನು? ಇವತ್ತಿನ ಸಂಚಿಕೆ ಇದರ ಬಗ್ಗೆ.

ಇಷ್ಟೊಂದು ರಿವೆಟ್ ನಿಜವಾಗಿಯೂ ಬೇಕಾ?

ಮೊದಲು ಅಳತೆಯ ಲೆಕ್ಕ. ದೊಡ್ಡ ರೈಲಿನ ಹಳಿಗಳ ನಡುವಿನ ಅಂತರ ನಾಲ್ಕು ಅಡಿ ಎಂಟೂವರೆ ಇಂಚು. ಬ್ರಿಟನ್ನಿನ ಹವ್ಯಾಸಿಗಳಲ್ಲಿ ಬಹಳ ಜನಪ್ರಿಯವಾದ ಮಾದರಿಗಳಲ್ಲಿ ಈ ಅಂತರ ಐದು ಇಂಚು. ಅಂದ್ರೆ ಮಾದರಿ ಸುಮಾರು 11.3 ಪಟ್ಟು ಚಿಕ್ಕದು. ದೊಡ್ಡ ಬಂಡಿಯ ಮುಕ್ಕಾಲು ಇಂಚಿನ ರಿವೆಟ್ ಇಲ್ಲಿ 1.7 ಮಿ.ಮೀ. ಆಗುತ್ತೆ. 1/16 ಇಂಚಿನ ರಿವೆಟ್ ಬಂದದ್ದು ಹೀಗೆ.

ಈಗ ಸ್ವಾರಸ್ಯ ನೋಡಿ. ರಿವೆಟ್ಟಿನ ಬಲ ಅದರ ಅಡ್ಡಕೊಯ್ತದ ವಿಸ್ತೀರ್ಣಕ್ಕೆ ತಕ್ಕಂತೆ ಇರುತ್ತೆ. ಹಾಗಾಗಿ ಅದು 11.3ರ ವರ್ಗದಷ್ಟು, ಅಂದ್ರೆ ಸುಮಾರು 128 ಪಟ್ಟು ಕಡಿಮೆಯಾಗುತ್ತೆ. ಆದರೆ ತೂಕ ಗಾತ್ರಕ್ಕೆ ತಕ್ಕಂತೆ ಇರುತ್ತೆ. ಅದು 11.3ರ ಘನದಷ್ಟು, ಸುಮಾರು 1,440 ಪಟ್ಟು ಇಳಿಯುತ್ತೆ. ಹೊರೆ ಇಳಿದಷ್ಟು ಬಲ ಇಳಿದಿಲ್ಲ. ತನ್ನ ತೂಕವನ್ನು ಹೊರುವ ಮಟ್ಟಿಗೆ ಮಾದರಿಯ ರಿವೆಟ್ ದೊಡ್ಡದಕ್ಕಿಂತ 11 ಪಟ್ಟು ಗಟ್ಟಿ. ಅಂದ್ರೆ ತೊಟ್ಟಿಯಲ್ಲಿ ಹನ್ನೊಂದಕ್ಕೆ ಒಂದು ರಿವೆಟ್ ಹಾಕಿದ್ರೂ ಬಲಕ್ಕೆ ಕೊರತೆ ಆಗಲ್ಲ. ನೀರು ಸೋರದಂತೆ ತಡೆಯೋ ಕೆಲಸವನ್ನೂ ರಿವೆಟ್‌ಗೆ ಬಿಡೋದಿಲ್ಲ. ಒಳಗಿನಿಂದ ತವರದ ಬೆಸುಗೆ ಹರಿಸುತ್ತಾರೆ. ತೊಟ್ಟಿಯ ಬಹುಪಾಲು ರಿವೆಟ್‌ಗಳು ಇರೋದು ನೋಟಕ್ಕೆ.

ಹಾಗಂತ ಎಲ್ಲ ಕಡೆ ಇದೇ ಮಾತು ನಡೆಯಲ್ಲ. ಮಾದರಿ ಬಂಡಿ ಎಳೆಯೋದು ಮಾದರಿ ಮನುಷ್ಯರನ್ನಲ್ಲ, ನಮ್ಮನ್ನು. 70 ಕೆಜಿಯ ಒಬ್ಬ ಪ್ರಯಾಣಿಕ ಈ ಅಳತೆಯಲ್ಲಿ ಸುಮಾರು 100 ಟನ್‌ಗೆ ಸಮ! ಹಾಗಾಗಿ ಬಂಡಿಯ ಚೌಕಟ್ಟು, ಮುಂದಿನ ಹಿಂದಿನ ಅಡ್ಡತೊಲೆ, ಕೊಕ್ಕೆ ಸೇರುವ ಜಾಗ, ಇಲ್ಲೆಲ್ಲ ರಿವೆಟ್ ನಿಜವಾಗಿ ದುಡಿಯಬೇಕು. ಬಾಯ್ಲರ್ ಅಂತೂ ಬೇರೆಯೇ ಲೋಕ. ಉಗಿಯ ಒತ್ತಡ ಅಳತೆಗೆ ತಕ್ಕಂತೆ ತಾನಾಗೇ ಇಳಿಯಲ್ಲ. ಮಾದರಿಯ ತಾಮ್ರದ ಬಾಯ್ಲರ್‌ನಲ್ಲಿ ರಿವೆಟ್ ಬಹುತೇಕ ತುಂಡುಗಳನ್ನು ಜಾಗದಲ್ಲಿ ಹಿಡಿದಿಡೋಕೆ. ಭಾರ ಹೊರೋದು ಬೆಳ್ಳಿ ಬೆಸುಗೆ. ಹೊಸ ಬಾಯ್ಲರ್ ಆದರೆ, ಕೆಲಸದ ಒತ್ತಡದ ಎರಡು ಪಟ್ಟು ಒತ್ತಡದಲ್ಲಿ ನೀರು ತುಂಬಿ ಪರೀಕ್ಷೆ ಮಾಡಿದ ಮೇಲೇ ಕ್ಲಬ್ಬಿನ ಹಳಿಯ ಮೇಲೆ ಬಿಡೋದು. ಇವತ್ತಿನ ಮಾತು ಬಾಯ್ಲರ್ ಬಗ್ಗೆ ಅಲ್ಲ ಅನ್ನೋದು ನೆನಪಿರಲಿ.

ಒಂದು ರಿವೆಟ್ಟಿನ ಒಳಗೆ

ರಿವೆಟ್ ಕಡ್ಡಿ ತಗಡಿನಿಂದ ಎಷ್ಟು ಹೊರಗೆ ಇರಬೇಕು? ಕುಶಲಕರ್ಮಿಗಳನ್ನು ಕೇಳಿದ್ರೆ "ದಪ್ಪದ ಒಂದೂವರೆ ಪಟ್ಟು" ಅಂತಾರೆ. ಈ ಒಂದೂವರೆ ಎಲ್ಲಿಂದ ಬಂತು? ನಾವೇ ಲೆಕ್ಕ ಹಾಕಿ ನೋಡೋಣ.

ಲೋಹವನ್ನು ಬಡಿದರೆ ಅದರ ಆಕಾರ ಬದಲಾಗುತ್ತೆ, ಗಾತ್ರ ಬದಲಾಗಲ್ಲ. ಚಪಾತಿ ಉಂಡೆಯನ್ನು ಲಟ್ಟಿಸಿದ ಹಾಗೆ. ಗುಂಡು ತಲೆಯ ರಿವೆಟ್ಟಿನಲ್ಲಿ ತಲೆಯ ಅಗಲ ಕಡ್ಡಿಯ ದಪ್ಪದ 1.75 ಪಟ್ಟು, ಎತ್ತರ 0.75 ಪಟ್ಟು. ಗೋಳದ ಆ ತುಂಡಿನ ಗಾತ್ರ ಲೆಕ್ಕ ಹಾಕಿ, ಅಷ್ಟೇ ಗಾತ್ರದ ಕಡ್ಡಿ ಎಷ್ಟು ಉದ್ದ ಬೇಕು ಅಂತ ನೋಡಿದ್ರೆ ದಪ್ಪದ 1.43 ಪಟ್ಟು ಅಂತ ಬರುತ್ತೆ. ತೂತು ಯಾವಾಗಲೂ ಕಡ್ಡಿಗಿಂತ ಕೂದಲೆಳೆಯಷ್ಟು ದೊಡ್ಡದಿರುತ್ತೆ, ಆ ಸಂದನ್ನು ತುಂಬೋಕೆ ಇನ್ನೊಂಚೂರು ಲೋಹ ಬೇಕು. ಕೂಡಿದ್ರೆ ಒಂದೂವರೆ. ತಲೆಮಾರುಗಳ ಕೈಯನುಭವದ ಮಾತನ್ನು ಜ್ಯಾಮಿತಿ ಹೀಗೆ ಒಪ್ಪುತ್ತೆ.

ಇದರಿಂದ ಒಂದು ಮುಖ್ಯ ವಿಷಯ ಹೊರಡುತ್ತೆ. 1.6 ಮಿ.ಮೀ. ರಿವೆಟ್‌ಗೆ ಬೇಕಾದ ಉದ್ದ 2.4 ಮಿ.ಮೀ. ಕತ್ತರಿಸುವಾಗ 0.3 ಮಿ.ಮೀ. ಹೆಚ್ಚಾದರೆ ತಲೆಗೆ ಎಂಟನೇ ಒಂದು ಭಾಗ ಲೋಹ ಜಾಸ್ತಿ. ಅದು ತಲೆಯ ಸುತ್ತ ಟೋಪಿಯ ಅಂಚಿನ ಹಾಗೆ ಹರಡಿಕೊಳ್ಳುತ್ತೆ. ಕಡಿಮೆಯಾದರೆ ತಲೆ ಪೂರ್ತಿ ತುಂಬಲ್ಲ, ಉಪಕರಣದ ಅಂಚು ತಗಡಿಗೆ ತಾಗಿ ಉಂಗುರದ ಗುರುತು ಬೀಳುತ್ತೆ. ಸುತ್ತಿಗೆ ಎತ್ತೋಕೆ ಮುಂಚೆಯೇ ರಿವೆಟ್ಟಿನ ಅಂದ ಅರ್ಧ ನಿರ್ಧಾರವಾಗಿರುತ್ತೆ.

ಎರಡನೇ ವಿಷಯ, ಕಾಯಿಸೋದಾ ಬೇಡವಾ? ದೊಡ್ಡ ಸೇತುವೆ, ಹಡಗುಗಳಲ್ಲಿ ರಿವೆಟ್ಟನ್ನು ಕೆಂಪಗೆ ಕಾಯಿಸಿ ಬಡಿಯುತ್ತಿದ್ದರು. ಆರುವಾಗ ಕಡ್ಡಿ ಕುಗ್ಗಿ ತಗಡುಗಳನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತೆ. ಪ್ಯಾರಿಸ್ಸಿನ ಐಫೆಲ್ ಗೋಪುರದಲ್ಲಿ ಸುಮಾರು 25 ಲಕ್ಷ ರಿವೆಟ್‌ಗಳಿವೆ. ಅಲ್ಲಿ ಒಂದೊಂದಕ್ಕೂ ನಾಲ್ಕು ಜನರ ತಂಡ: ಕಾಯಿಸೋಕೆ ಒಬ್ಬ, ಹಿಡಿಯೋಕೆ ಒಬ್ಬ, ತಲೆ ರೂಪಿಸೋಕೆ ಒಬ್ಬ, ದೊಡ್ಡ ಸುತ್ತಿಗೆಯಿಂದ ಬಡಿಯೋಕೆ ಒಬ್ಬ. ನಮ್ಮ 1.6 ಮಿ.ಮೀ. ರಿವೆಟ್‌ಗೆ ಇದು ಆಗದ ಮಾತು. ವಸ್ತು ಚಿಕ್ಕದಾದಷ್ಟೂ ಅದರ ಗಾತ್ರಕ್ಕೆ ಹೋಲಿಸಿದರೆ ಮೈ ಹೆಚ್ಚು, ಶಾಖ ಬೇಗ ಓಡಿಹೋಗುತ್ತೆ. ಸುತ್ತಿಗೆ ಎತ್ತೋದರೊಳಗೆ ಅದು ತಣ್ಣಗಾಗಿರುತ್ತೆ. ಹಾಗಾಗಿ ಪುಟ್ಟ ರಿವೆಟ್ ಯಾವಾಗಲೂ ತಣ್ಣಗೇ ಬಡಿಯೋದು. ಅದಕ್ಕೇ ತಾಮ್ರ, ಮೆದು ಕಬ್ಬಿಣದಂಥ ಮೃದು ಲೋಹ.

ತಾಮ್ರಕ್ಕೆ ಒಂದು ಗುಣ ಇದೆ: ಬಡಿದಷ್ಟೂ ಗಡುಸಾಗುತ್ತೆ. ಪಾತ್ರೆ ಮಾಡೋ ಕಂಚುಗಾರರಿಗೆ ಇದು ಗೊತ್ತಿರೋ ವಿಷಯ. ಹತ್ತಾರು ಪುಟ್ಟ ಪೆಟ್ಟು ಕೊಟ್ಟರೆ ತುದಿ ಮಾತ್ರ ಅಣಬೆಯ ಹಾಗೆ ಅರಳಿ ಗಡುಸಾಗುತ್ತೆ, ಒಳಗಿನ ಕಡ್ಡಿ ಉಬ್ಬೋದೇ ಇಲ್ಲ. ಎರಡು ಮೂರು ಗಟ್ಟಿ ಪೆಟ್ಟು ಕೊಟ್ಟರೆ ಕಡ್ಡಿಯೇ ಪೂರ್ತಿ ಉಬ್ಬಿ ತೂತನ್ನು ತುಂಬುತ್ತೆ. ಗಡುಸಾದ ತಾಮ್ರವನ್ನು ಮಂದ ಕೆಂಪು ಬರೋವರೆಗೆ ಕಾಯಿಸಿದರೆ ಮತ್ತೆ ಮೆದುವಾಗುತ್ತೆ. ಅಂಗಡಿಯಿಂದ ತಂದ ತಾಮ್ರದ ರಿವೆಟ್‌ಗಳನ್ನು ಒಂದು ಹಳೇ ತಗಡಿನ ಡಬ್ಬಿಯಲ್ಲಿ ಹಾಕಿ ಹೀಗೆ ಮೆದುಗೊಳಿಸಿಕೊಂಡರೆ ಕೆಲಸ ಅರ್ಧ ಹಗುರ. ಇಲ್ಲಿ ಮೆದುವಾದ ರಿವೆಟ್, ಕೂರಿಸುವಾಗ ತಾನೇ ಗಡುಸಾಗಿ ನಿಲ್ಲುತ್ತೆ.

600 ಬಾರಿ ಸರಿ ಮಾಡೋದು

ಈಗ ಇವತ್ತಿನ ಮುಖ್ಯ ಮಾತಿಗೆ ಬರೋಣ. ಒಂದು ರಿವೆಟ್ ಚೆನ್ನಾಗಿ ಕೂರಿಸೋದು ಕಷ್ಟ ಅಲ್ಲ. ಅರ್ಧ ದಿನ ಅಭ್ಯಾಸ ಮಾಡಿದ್ರೆ ಯಾರಿಗಾದ್ರೂ ಬರುತ್ತೆ. ಕಷ್ಟ ಇರೋದು ಸಂಖ್ಯೆಯಲ್ಲಿ.

ನಿಮ್ಮ ಕೈ ನೂರಕ್ಕೆ 99 ಸಲ ಸರಿಯಾಗಿ ಕೂರಿಸುತ್ತೆ ಅಂದುಕೊಳ್ಳಿ. ಕೇಳೋಕೆ ಬಹಳ ಚೆನ್ನಾಗಿದೆ. ಆದರೆ 50 ರಿವೆಟ್ಟಿನ ಒಂದು ಸಾಲು ಪೂರ್ತಿ ಸರಿಯಾಗಿ ಬರೋ ಸಾಧ್ಯತೆ ಎಷ್ಟು? 0.99 ಅನ್ನು 50 ಸಲ ಗುಣಿಸಬೇಕು. ಉತ್ತರ ಸುಮಾರು 0.6. ಅಂದ್ರೆ ಐದು ಸಾಲಿನಲ್ಲಿ ಎರಡು ಸಾಲು ಕೆಟ್ಟ ಹಾಗೆ. ಅದೇ ನೂರಕ್ಕೆ 99.9 ಆದರೆ ಆ ಸಾಧ್ಯತೆ 0.95ಕ್ಕೆ ಏರುತ್ತೆ. ಆ ಕೊನೆಯ ಒಂದು ಶೇಕಡಾ ಗೆಲ್ಲೋಕೆ ಕೈಚಳಕ ಸಾಲದು. ಅಲ್ಲಿಗೆ ಉಪಕರಣ ಬೇಕು.

ನಮ್ಮ ಕಣ್ಣು ಬೇರೆ ಬಹಳ ಕಟ್ಟುನಿಟ್ಟು. ಚುಕ್ಕಿ ರಂಗೋಲಿಯಲ್ಲಿ ಒಂದು ಚುಕ್ಕಿ ಚೂರು ಪಕ್ಕಕ್ಕೆ ಸರಿದಿದ್ದರೆ ಬಾಗಿಲಲ್ಲಿ ನಿಂತವರಿಗೂ ಕಾಣುತ್ತೆ. ಒಂದು ಚುಕ್ಕಿಯ ಗಾತ್ರವನ್ನು ಅಳೆಯೋದರಲ್ಲಿ ಕಣ್ಣು ಅಷ್ಟೇನೂ ಜಾಣ ಅಲ್ಲ. ಆದರೆ ಸಾಲು ತಪ್ಪಿದ್ದನ್ನು ಹಿಡಿಯೋದರಲ್ಲಿ ಮಹಾ ಚುರುಕು. ಹೊಳೆಯೋ ಬಣ್ಣ ಬಳಿದ ತೊಟ್ಟಿಯ ಮೇಲೆ ಓರೆ ಬೆಳಕು ಬಿದ್ದಾಗ ಒಂದೊಂದು ತಲೆಯೂ ಒಂದೊಂದು ಪುಟ್ಟ ಕನ್ನಡಿ. ಅಲ್ಲಿ ಯಾವುದನ್ನೂ ಮುಚ್ಚಿಡೋಕಾಗಲ್ಲ.

ಹಾಗಾಗಿ ರಿವೆಟ್ ಉಪಕರಣದ ಕೆಲಸ ಜೋರಾಗಿ ಬಡಿಯೋದಲ್ಲ. ಪ್ರತಿ ಸಲವೂ ಒಂದೇ ಜಾಗ, ಒಂದೇ ಉದ್ದ, ಒಂದೇ ನೇರ, ಒಂದೇ ಬಲ, ಒಂದೇ ಎತ್ತರ. ಬೇರೆಯಾಗಬಹುದಾದ್ದನ್ನೆಲ್ಲ ಒಂದೊಂದಾಗಿ ಕೈಯಿಂದ ಕಿತ್ತುಕೊಂಡು ಲೋಹಕ್ಕೆ ಒಪ್ಪಿಸೋದೇ ಅದರ ಕೆಲಸ. ಈ ಕನ್ನಡಕ ಹಾಕಿಕೊಂಡು ಒಂದೊಂದು ಉಪಕರಣವನ್ನೂ ನೋಡೋಣ.

ಕೈ ಉಪಕರಣಗಳು: ಸೆಟ್, ಸ್ನ್ಯಾಪ್, ಡಾಲಿ

ಹಳೆಯ ವಿಧಾನಕ್ಕೆ ಮೂರು ತುಂಡುಗಳು ಸಾಕು. ಒಂದು 'ಸೆಟ್'. ತುದಿಯಲ್ಲಿ ರಿವೆಟ್‌ಗಿಂತ ಚೂರು ದೊಡ್ಡ ತೂತು ಇರೋ ಉಕ್ಕಿನ ಕಡ್ಡಿ. ಇದನ್ನು ಹೊರಬಂದ ಕಡ್ಡಿಯ ಮೇಲೆ ಇಟ್ಟು ಒಂದು ಪೆಟ್ಟು ಕೊಟ್ಟರೆ ಎರಡು ತಗಡುಗಳು ಒಂದಕ್ಕೊಂದು ಅಂಟಿ ಕೂರುತ್ತವೆ. ಇದನ್ನು ಬಿಟ್ಟರೆ ಲೋಹ ತಗಡುಗಳ ನಡುವಿನ ಸಂದಿಗೆ ನುಗ್ಗಿ, ಅಲ್ಲೊಂದು ಬಳೆ ಮಾಡಿಕೊಂಡು ತಗಡುಗಳನ್ನು ಶಾಶ್ವತವಾಗಿ ದೂರ ಇಡುತ್ತೆ. ಎರಡನೆಯದು 'ಸ್ನ್ಯಾಪ್'. ತುದಿಯಲ್ಲಿ ಗುಂಡು ಗುಳಿ ಇರೋ ಕಡ್ಡಿ, ಹೊಸ ತಲೆಗೆ ಆಕಾರ ಕೊಡೋದು ಇದು. ಮೂರನೆಯದು 'ಡಾಲಿ'. ಇದರಲ್ಲೂ ಅಂಥದ್ದೇ ಗುಳಿ ಇರುತ್ತೆ. ಮೊದಲೇ ಇರುವ ತಲೆಗೆ ಕೆಳಗಿನಿಂದ ಆಸರೆ ಕೊಡುತ್ತೆ.

ಕೆಲಸದ ಕ್ರಮ ಹೀಗೆ: ಸೆಟ್‌ನಿಂದ ಒಂದು ಪೆಟ್ಟು, ಆಮೇಲೆ ಸುತ್ತಿಗೆಯಿಂದ ನೇರ ಒಂದೆರಡು ಪೆಟ್ಟು ಕೊಟ್ಟು ಕಡ್ಡಿಯನ್ನು ಉಬ್ಬಿಸೋದು, ಕೊನೆಗೆ ಸ್ನ್ಯಾಪ್ ಇಟ್ಟು ತಲೆ ಗುಂಡಗೆ ಮಾಡೋದು. ಗುಳಿಯ ಆಳ ತಲೆಯ ಎತ್ತರಕ್ಕಿಂತ ಚೂರು ಕಡಿಮೆ ಇರಬೇಕು. ಹೆಚ್ಚಿದ್ದರೆ ಸ್ನ್ಯಾಪಿನ ಅಂಚು ತಗಡನ್ನು ಕಚ್ಚುತ್ತೆ.

ಇಲ್ಲಿ ಎಲ್ಲರೂ ಗಮನ ಕೊಡೋದು ಸುತ್ತಿಗೆಗೆ. ಗಮನ ಕೊಡಬೇಕಾದ್ದು ಡಾಲಿಗೆ. ಕೈಯಲ್ಲಿ ಹಿಡಿದ ಡಾಲಿಯ ಮೇಲೆ ಬಡಿದಾಗ ಪೆಟ್ಟಿನ ಶಕ್ತಿ ಎರಡು ಪಾಲಾಗುತ್ತೆ. ಒಂದು ಪಾಲು ರಿವೆಟ್ಟನ್ನು ಚಪ್ಪಟೆ ಮಾಡುತ್ತೆ, ಇನ್ನೊಂದು ಪಾಲು ಡಾಲಿಯನ್ನೇ ಕೆಳಕ್ಕೆ ತಳ್ಳುತ್ತೆ. ಪುಟಿಯದ ಪೆಟ್ಟು ಅಂತ ಭಾವಿಸಿ ಲೆಕ್ಕ ಹಾಕಿದ್ರೆ, ರಿವೆಟ್‌ಗೆ ಸಿಗೋ ಪಾಲು ಅಂದ್ರೆ ಡಾಲಿಯ ತೂಕವನ್ನು ಡಾಲಿ ಮತ್ತು ಸುತ್ತಿಗೆಯ ಒಟ್ಟು ತೂಕದಿಂದ ಭಾಗಿಸಿದಷ್ಟು. 200 ಗ್ರಾಂ ಸುತ್ತಿಗೆಗೆ 200 ಗ್ರಾಂ ಡಾಲಿ ಹಿಡಿದರೆ ಅರ್ಧ ಶಕ್ತಿ ದಂಡ. ಎರಡು ಕೆಜಿ ಡಾಲಿ ಹಿಡಿದರೆ ಶೇ. 91ರಷ್ಟು ರಿವೆಟ್‌ಗೇ ಸಿಗುತ್ತೆ. ಸುತ್ತಿಗೆ ದೊಡ್ಡದು ಮಾಡೋ ಬದಲು ಡಾಲಿಯನ್ನು ಭಾರ ಮಾಡಿ, ಇಲ್ಲವೇ ಗಟ್ಟಿ ವೈಸಿನಲ್ಲಿ ಬಿಗಿಯಿರಿ. ನಮ್ಮ ಮನೆಗಳ ಒರಳುಕಲ್ಲು ಅಷ್ಟು ಭಾರ ಯಾಕೆ ಅನ್ನೋದಕ್ಕೂ ಉತ್ತರ ಇದರಲ್ಲೇ ಇದೆ.

ಸ್ನ್ಯಾಪನ್ನು ಕೈಯಲ್ಲಿ ಹಿಡಿದಾಗ ಇರೋ ತೊಂದರೆ ಒಂದೇ, ಅದು ವಾಲುತ್ತೆ. ಐದು ಡಿಗ್ರಿ ವಾಲಿದರೂ ತಲೆ ಒಂದು ಪಕ್ಕಕ್ಕೆ ಜಾರುತ್ತೆ. ಇದಕ್ಕೆ ಪರಿಹಾರ, ಸ್ನ್ಯಾಪ್ ಓಡಾಡೋಕೆ ಒಂದು ಕೊಳವೆ ಮಾಡೋದು. ಒಂದು ಗಟ್ಟಿ ಚೌಕಟ್ಟು, ಕೆಳಗೆ ಡಾಲಿ, ಮೇಲೆ ಅದಕ್ಕೆ ನೇರವಾಗಿ ಕೊಳವೆಯೊಳಗೆ ಜಾರುವ ಸ್ನ್ಯಾಪ್. ಪೆಟ್ಟು ಮೇಲಿನಿಂದ ಹೇಗೇ ಬೀಳಲಿ, ಸ್ನ್ಯಾಪ್ ನೇರವಾಗೇ ಇಳಿಯುತ್ತೆ. ಬ್ರಿಟನ್ನಿನ ಹವ್ಯಾಸಿಗಳ ನಡುವೆ ಜಾರ್ಜ್ ಥಾಮಸ್ ಅವರ 'ಯೂನಿವರ್ಸಲ್ ಪಿಲ್ಲರ್ ಟೂಲ್' ಅನ್ನೋ ವಿನ್ಯಾಸ ಹೆಸರುವಾಸಿ. ಕಂಬದ ಮೇಲೆ ಕೂತ ಒಂದೇ ಸಾಧನದಲ್ಲಿ ಸಣ್ಣ ತೂತು ಕೊರೆಯೋದು, ತೂತಿಗೆ ತಿರುಪು ಕೊರೆಯೋದು, ರಿವೆಟ್ ಕೂರಿಸೋದು ಎಲ್ಲಾ ಆಗುತ್ತೆ. ನೇರ ಅನ್ನೋದನ್ನು ಕೈಯಿಂದ ಕಂಬಕ್ಕೆ ಒಪ್ಪಿಸಿದ ಹಾಗಾಯ್ತು.

ಬಡಿಯೋದರಿಂದ ಒತ್ತೋದಕ್ಕೆ

ಒನಕೆಯಲ್ಲಿ ಕುಟ್ಟೋದು ಒಂದು ಬಗೆ, ಶಾವಿಗೆ ಒರಳಲ್ಲಿ ಒತ್ತೋದು ಇನ್ನೊಂದು ಬಗೆ. ದೊಡ್ಡ ರಿವೆಟ್‌ಗಳ ಲೋಕದಲ್ಲಿ ಈ ಬದಲಾವಣೆ ಆಗಿದ್ದು 1830ರ ದಶಕದ ಕೊನೆಯಲ್ಲಿ. ಮ್ಯಾಂಚೆಸ್ಟರಿನಲ್ಲಿ ವಿಲಿಯಂ ಫೇರ್‌ಬೈರ್ನ್ ಅವರ ಕಾರ್ಖಾನೆಯ ಬಾಯ್ಲರ್ ಕೆಲಸಗಾರರು ಮುಷ್ಕರ ಹೂಡಿದಾಗ, ರಿವೆಟ್ಟನ್ನು ಬಡಿಯದೆ ಒತ್ತಿ ಕೂರಿಸೋ ಯಂತ್ರವನ್ನು ಅವರು ಹೊರತಂದರು. ಕೆಲಸ ಬೇಗ ಆಯ್ತು, ಸದ್ದೂ ಕಡಿಮೆಯಾಯ್ತು.

ಚಿಕ್ಕ ರಿವೆಟ್‌ಗೆ ಎಷ್ಟು ಒತ್ತು ಬೇಕು? ಅಂದಾಜು ಮಾಡೋಣ. ಮುಗಿದ ತಲೆಯ ಅಗಲ 2.8 ಮಿ.ಮೀ., ವಿಸ್ತೀರ್ಣ ಸುಮಾರು 6.2 ಚದರ ಮಿ.ಮೀ. ಬಡಿದು ಗಡುಸಾದ ತಾಮ್ರ ಹರಿಯೋಕೆ ಚದರ ಮಿಲಿಮೀಟರಿಗೆ ಸುಮಾರು 300 ನ್ಯೂಟನ್ ಬೇಕು. ಗುಣಿಸಿದ್ರೆ 1,850 ನ್ಯೂಟನ್, ಅಂದ್ರೆ ಸುಮಾರು 190 ಕೆಜಿ ಭಾರ. ಗುಳಿಯ ಗೋಡೆಯ ತಿಕ್ಕಾಟ ಸೇರಿಸಿದ್ರೆ ಇನ್ನೂ ಹೆಚ್ಚು. ಹಾಗಾಗಿ ಉಪಕರಣ 400 ಕೆಜಿ ತಡೆಯೋ ಹಾಗೆ ಮಾಡಿಕೊಂಡರೆ ಕ್ಷೇಮ. ರಿವೆಟ್ ದಪ್ಪ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು, ಉಕ್ಕಿನ ರಿವೆಟ್ ಆದರೆ ಅದಕ್ಕೂ ಮೇಲೆ.

ಕೈಬಲದಿಂದ 400 ಕೆಜಿ ಹೇಗೆ ಬರುತ್ತೆ? ಅಡಕತ್ತರಿ ನೆನಪಿಸಿಕೊಳ್ಳಿ. ಅಡಕೆ ಕೀಲಿನ ಹತ್ತಿರ, ಕೈ ದೂರ. ಸನ್ನೆಯ ಲೆಕ್ಕದಲ್ಲಿ ಬಲ ಹೆಚ್ಚಾಗುತ್ತೆ. ಇದರ ಜೊತೆಗೆ ಇನ್ನೊಂದು ಜಾಣ ಏರ್ಪಾಡಿದೆ, ಅದಕ್ಕೆ ಟಾಗಲ್ ಅನ್ನುತ್ತಾರೆ. ನಮ್ಮ ಮೊಣಕಾಲಿನ ಹಾಗೆ ಎರಡು ಕಡ್ಡಿ, ನಡುವೆ ಒಂದು ಕೀಲು. ಬಗ್ಗಿದ ಮೊಣಕಾಲನ್ನು ನೇರ ಮಾಡುವಾಗ ಪಾದ ನೆಲವನ್ನು ಒತ್ತುತ್ತಲ್ಲ, ಹಾಗೆ. ಕಡ್ಡಿಗಳು ನೇರ ರೇಖೆಗೆ ಹತ್ತು ಡಿಗ್ರಿ ದೂರ ಇದ್ದಾಗ ನಾವು ಕೊಟ್ಟ ಬಲ ಸುಮಾರು ಮೂರು ಪಟ್ಟಾಗುತ್ತೆ. ಮೂರು ಡಿಗ್ರಿಯಲ್ಲಿ ಒಂಬತ್ತೂವರೆ ಪಟ್ಟು, ಒಂದು ಡಿಗ್ರಿಯಲ್ಲಿ ಸುಮಾರು 29 ಪಟ್ಟು.

ಇದು ರಿವೆಟ್‌ಗೆ ಹೇಳಿ ಮಾಡಿಸಿದ ಹಾಗಿದೆ. ರಿವೆಟ್ ಶುರುವಿನಲ್ಲಿ ಸುಲಭವಾಗಿ ಬಗ್ಗುತ್ತೆ. ತಲೆ ಅಗಲವಾದಂತೆ, ಲೋಹ ಗಡುಸಾದಂತೆ ಹಠ ಹೆಚ್ಚುತ್ತೆ. ಟಾಗಲ್ಲಿನ ಬಲವೂ ಕೊನೆಗೇ ಹೆಚ್ಚೋದು. ಇನ್ನೂ ದೊಡ್ಡ ಲಾಭ ಅಂದ್ರೆ, ಕಡ್ಡಿಗಳು ಪೂರ್ತಿ ನೇರವಾದ ಮೇಲೆ ಅದು ಮುಂದಕ್ಕೆ ಹೋಗಲ್ಲ. ತಲೆಯ ಎತ್ತರ ಅಲ್ಲಿಗೇ ನಿಗದಿ. ಕಡ್ಡಿಯ ಉದ್ದ ನಿಗದಿಯಾಗಿದ್ದರೆ ಲೋಹದ ಗಾತ್ರ ನಿಗದಿ. ಗಾತ್ರ, ಎತ್ತರ ಎರಡೂ ನಿಗದಿಯಾದರೆ ಅಗಲ ತಾನಾಗೇ ನಿಗದಿ. 600 ತಲೆಗಳು ಅವಳಿಗಳ ಹಾಗೆ ಬರೋ ಗುಟ್ಟು ಇಷ್ಟೇ.

ಒತ್ತು ಉಪಕರಣ ವಿಮಾನ ಕಾರ್ಖಾನೆಗಳ ದಿನನಿತ್ಯದ ಸಾಮಗ್ರಿಯೂ ಹೌದು. 1940ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್, ಅಂದ್ರೆ ಇವತ್ತಿನ ಎಚ್‌ಎಎಲ್‌ನಲ್ಲಿ ಮನೆಯ ಹಿರಿಯರು ಕೆಲಸ ಮಾಡಿದ್ದರೆ, ಗಾಳಿಯೊತ್ತಡದ ರಿವೆಟ್ ಸುತ್ತಿಗೆ, ಅದರ ಎದುರು ಹಿಡಿಯೋ ಉಕ್ಕಿನ ದಿಮ್ಮಿ, ಇವುಗಳ ಮಾತು ನಿಮಗೆ ಹೊಸದಲ್ಲ. ಅಂಚಿನ ಸಾಲುಗಳಿಗೆ ಒತ್ತು ಉಪಕರಣ, ಕೈ ಎಟುಕದ ನಡುಭಾಗಕ್ಕೆ ಸುತ್ತಿಗೆ ಮತ್ತು ದಿಮ್ಮಿ. ಕೆಲವು ಬಗೆಯ ಅಲ್ಯೂಮಿನಿಯಂ ಮಿಶ್ರಲೋಹದ ರಿವೆಟ್‌ಗಳನ್ನು ಕಾಯಿಸಿ ತಣಿಸಿದ ಮೇಲೆ ಬಳಸುವವರೆಗೂ ಶೀತಪೆಟ್ಟಿಗೆಯಲ್ಲಿ ಇಡುತ್ತಾರೆ. ಹೊರಗಿಟ್ಟರೆ ತಾವಾಗೇ ಗಡುಸಾಗಿಬಿಡುತ್ತವೆ!

ಹಾಗಾದ್ರೆ ಎಲ್ಲದಕ್ಕೂ ಒತ್ತು ಉಪಕರಣವೇ ಸಾಕಲ್ಲ? ಸಾಲದು, ಅದಕ್ಕೆ ಕಾರಣ ಬಾಯಿ. ಒತ್ತು ಉಪಕರಣ ಇಂಗ್ಲಿಷ್‌ನ 'ಸಿ' ಅಕ್ಷರದ ಹಾಗಿರುತ್ತೆ. ತಗಡಿನ ಅಂಚಿನಿಂದ ಎಷ್ಟು ಒಳಗೆ ತಲುಪಬೇಕೋ ಅಷ್ಟು ಉದ್ದದ ತೋಳು ಬೇಕು. ತೋಳಿನ ಉದ್ದ ಎರಡು ಪಟ್ಟಾದರೆ ಅದೇ ಬಲಕ್ಕೆ ಅದರ ಬಾಗುವಿಕೆ ಎಂಟು ಪಟ್ಟು. ತೋಳು ಬಾಗಿದರೆ ಗುಳಿಗಳು ಎದುರುಬದುರು ನಿಲ್ಲಲ್ಲ, ತಲೆ ಓರೆಯಾಗುತ್ತೆ. ಇದು ಹವ್ಯಾಸಿಗಳ ಪಾಡು ಮಾತ್ರ ಅಲ್ಲ. ಬೆಲ್‌ಫಾಸ್ಟಿನಲ್ಲಿ ಕಟ್ಟಿದ ಟೈಟಾನಿಕ್ ಹಡಗಿನಲ್ಲಿ 30 ಲಕ್ಷಕ್ಕೂ ಹೆಚ್ಚು ರಿವೆಟ್‌ಗಳಿದ್ದವು. ನಡುಭಾಗದ ಉಕ್ಕಿನ ರಿವೆಟ್‌ಗಳನ್ನು ನೀರೊತ್ತಡದ ಯಂತ್ರದಿಂದ ಒತ್ತಿದರು. ಒಡಲು ತಿರುಚಿಕೊಂಡು ಕಿರಿದಾಗುವ ಮುಂದಿನ ಹಿಂದಿನ ತುದಿಗಳಿಗೆ ಆ ದೊಡ್ಡ ಯಂತ್ರ ಹೋಗುತ್ತಿರಲಿಲ್ಲ. ಅಲ್ಲಿ ಕಬ್ಬಿಣದ ರಿವೆಟ್‌ಗಳನ್ನು ಕೈಯಲ್ಲೇ ಬಡಿದರು. ಶೆಡ್ಡಿನಲ್ಲೂ ಅದೇ ಕತೆ: ಅಂಚಿಗೆ ಒತ್ತು, ಎಟುಕದ ಕಡೆಗೆ ವೈಸಿನಲ್ಲಿ ಬಿಗಿದ ಉದ್ದನೆಯ ಭಾರದ ಡಾಲಿ ಮತ್ತು ಸುತ್ತಿಗೆ.

ನಮ್ಮಲ್ಲಿ ಬಹಳ ಜನ ಇರೋದು ಫ್ಲ್ಯಾಟುಗಳಲ್ಲಿ, ಗೋಡೆಗೆ ಗೋಡೆ ಅಂಟಿದ ಮನೆಗಳಲ್ಲಿ. 600 ರಿವೆಟ್, ಒಂದಕ್ಕೆ ನಾಲ್ಕು ಪೆಟ್ಟು ಅಂದ್ರೆ 2,400 ಪೆಟ್ಟು. ಪಕ್ಕದ ಮನೆಯವರ ತಾಳ್ಮೆಗೂ ಒಂದು ಮಿತಿ ಇದೆಯಲ್ಲ! ಒತ್ತು ಉಪಕರಣ ಸದ್ದು ಮಾಡಲ್ಲ. ಸಂಧಿವಾತ ಇರೋ ಬೆರಳಿಗೆ, ಮಣಿಕಟ್ಟಿಗೆ ಪೆಟ್ಟಿನ ಅದಿರಾಟವೂ ತಪ್ಪುತ್ತೆ. ವಯಸ್ಸಾದವರು ಹೆಚ್ಚಿರೋ ಈ ಹವ್ಯಾಸದಲ್ಲಿ ಇದು ಸಣ್ಣ ವಿಷಯ ಅಲ್ಲ. ಬಡಿಯಲೇಬೇಕಾದಾಗ ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ ಮರೆಯಬೇಡಿ.

ತೂತು, ಉದ್ದ, ಕ್ರಮ

ಅತ್ಯುತ್ತಮ ಒತ್ತು ಉಪಕರಣ ಇದ್ದರೂ ತೂತು ಸಾಲು ತಪ್ಪಿದ್ದರೆ ಏನೂ ಮಾಡೋಕಾಗಲ್ಲ. ಒಂದು ತೂತಿನಿಂದ ಮುಂದಿನ ತೂತಿಗೆ ಅಳೆಯುತ್ತಾ ಹೋದರೆ, ಪ್ರತಿ ಸಲ 0.1 ಮಿ.ಮೀ. ಒಂದೇ ಕಡೆಗೆ ತಪ್ಪಿದರೂ 50ನೇ ತೂತಿಗೆ ಐದು ಮಿ.ಮೀ. ದೂರ ಹೋಗಿರುತ್ತೀರಿ. ಮಿಲ್ಲಿಂಗ್ ಯಂತ್ರ ಇದ್ದವರು ಅದರ ಮೇಜಿನ ಅಳತೆಯಿಂದ ಪ್ರತಿ ತೂತನ್ನೂ ಮೊದಲ ತೂತಿನಿಂದಲೇ ಅಳೆಯುತ್ತಾರೆ. ಇಲ್ಲದವರಿಗೆ ಒಂದು ಪುಟ್ಟ ಪಟ್ಟಿ ಸಾಕು: ಅದರಲ್ಲಿ ಒಂದು ಗೂಟ, ಅದರಿಂದ ಬೇಕಾದ ಅಂತರದಲ್ಲಿ ಡ್ರಿಲ್ ದಾರಿ ತೋರಿಸೋ ಗಡುಸು ತೂತು. ಗೂಟವನ್ನು ಹಿಂದಿನ ತೂತಿನಲ್ಲಿ ಇಟ್ಟು ಮುಂದಿನದನ್ನು ಕೊರೆಯೋದು. ಒಟ್ಟು ಉದ್ದದಲ್ಲಿ ಚೂರು ವ್ಯತ್ಯಾಸ ಬಂದರೂ ಪಕ್ಕಪಕ್ಕದ ಅಂತರ ಒಂದೇ ಇರುತ್ತೆ. ಕಣ್ಣು ನೋಡೋದು ಅದನ್ನೇ. ಒಳಗಿನ ತಗಡಿನ ತೂತುಗಳನ್ನು ಬೇರೆಯಾಗಿ ಕೊರೆಯದೆ, ಎರಡನ್ನೂ ಸೇರಿಸಿ ಹಿಡಿದು ಹೊರಗಿನ ತಗಡಿನ ತೂತಿನ ಮೂಲಕವೇ ಕೊರೆಯಬೇಕು.

ಉದ್ದಕ್ಕೂ ಇಂಥದ್ದೇ ಉಪಾಯ. ಬೇಕಾದ ಉದ್ದದಷ್ಟೇ ದಪ್ಪದ ಉಕ್ಕಿನ ಪಟ್ಟಿಯಲ್ಲಿ ಸಾಲಾಗಿ ತೂತು ಕೊರೆದು, ರಿವೆಟ್‌ಗಳನ್ನು ತೂರಿಸಿ, ಆಚೆ ಬಂದದ್ದನ್ನು ಕತ್ತರಿಸಿ ಅರದಿಂದ ಉಜ್ಜಿದರೆ ಎಲ್ಲವೂ ಒಂದೇ ಉದ್ದ. ಅರ್ಧ ಗಂಟೆಯಲ್ಲಿ ಮಾಡಿಕೊಳ್ಳಬಹುದಾದ ಈ ಪಟ್ಟಿ, ದುಬಾರಿ ಒತ್ತುಯಂತ್ರದಷ್ಟೇ ಮುಖ್ಯ.

ಕೊನೆಯದು ಕ್ರಮ. ಪ್ರತಿ ರಿವೆಟ್ ಉಬ್ಬುವಾಗ ತೂತಿನ ಅಂಚನ್ನು ಚೂರು ಹೊರಕ್ಕೆ ತಳ್ಳುತ್ತೆ. ಒಂದರಿಂದ ಏನೂ ತಿಳಿಯಲ್ಲ. ಐವತ್ತು ಸೇರಿದಾಗ ತಗಡಿನ ಅಂಚು ಉದ್ದವಾಗಿ, ಸುಟ್ಟ ಹಪ್ಪಳದ ಅಂಚಿನ ಹಾಗೆ ಅಲೆಯಲೆಯಾಗುತ್ತೆ. ಒಂದು ತುದಿಯಿಂದ ಶುರು ಮಾಡಿ ಇನ್ನೊಂದು ತುದಿಗೆ ಹೋದರೆ ಕೊನೆಯ ತೂತುಗಳು ಒಂದಕ್ಕೊಂದು ಸೇರೋದೇ ಇಲ್ಲ. ಅದಕ್ಕೇ ಮೊದಲು ಐದಕ್ಕೊಂದು ತೂತಿಗೆ ಬೋಲ್ಟ್ ಬಿಗಿದು, ನಡುವಿನಿಂದ ಶುರು ಮಾಡಿ ಎಡ ಬಲ ಬದಲಿಸುತ್ತಾ ಹೊರಕ್ಕೆ ಹೋಗೋದು. ಬೇಕಾದ್ದಕ್ಕಿಂತ ಜೋರಾಗಿ ಒತ್ತೋದೂ ತಪ್ಪು ಅನ್ನೋದು ಇದರಿಂದ ಗೊತ್ತಾಗುತ್ತೆ. ತಲೆ ತುಂಬಿದ ಮೇಲೆ ಕೊಟ್ಟ ಬಲವೆಲ್ಲ ತಗಡನ್ನು ಹಿಗ್ಗಿಸೋಕೇ ಹೋಗುತ್ತೆ.

ಇಷ್ಟಾಗಿಯೂ ಒಂದು ಕೆಟ್ಟರೆ? ತಲೆಯನ್ನು ಅರದಿಂದ ಚಪ್ಪಟೆ ಮಾಡಿ, ನಡುವೆ ಗುರುತು ಹೊಡೆದು, ಕಡ್ಡಿಗಿಂತ ಸಣ್ಣ ಡ್ರಿಲ್ಲಿನಿಂದ ಕೊರೆದು, ಉಳಿದದ್ದನ್ನು ಕೆಳಗಿನಿಂದ ಆಸರೆ ಕೊಟ್ಟು ತಳ್ಳಿ. ಕಡ್ಡಿಯಷ್ಟೇ ದಪ್ಪದ ಡ್ರಿಲ್ ಹಾಕಿದರೆ ಅದು ಜಾರಿ ತಗಡಿನ ತೂತನ್ನು ಮೊಟ್ಟೆಯಾಕಾರ ಮಾಡುತ್ತೆ. ಆಮೇಲೆ ಅಲ್ಲಿ ಯಾವ ರಿವೆಟ್ಟೂ ನೆಟ್ಟಗೆ ಕೂರಲ್ಲ.

ಬರೀ ಉಬ್ಬು ಸಾಕಾದಾಗ

ಇನ್ನೂ ಚಿಕ್ಕ ಮಾದರಿಗಳಿವೆ. 43 ಪಟ್ಟು ಚಿಕ್ಕದಾದ ಬಂಡಿಯಲ್ಲಿ ಮುಕ್ಕಾಲು ಇಂಚಿನ ರಿವೆಟ್ ಅರ್ಧ ಮಿಲಿಮೀಟರೂ ಇರಲ್ಲ. ಅದನ್ನು ತೂರಿಸಿ ಬಡಿಯೋ ಗೋಜಿಗೆ ಹೋಗದೆ, ತೆಳು ಹಿತ್ತಾಳೆ ತಗಡನ್ನು ಹಿಂದಿನಿಂದ ಮೊನೆಯಲ್ಲಿ ಒತ್ತಿ ಮುಂದೆ ಉಬ್ಬು ಬರಿಸುತ್ತಾರೆ. ಇದಕ್ಕೊಂದು ಸೊಗಸಾದ ಉಪಕರಣ ಇದೆ: ಒಂದು ಪುಟ್ಟ ಭಾರ ಪ್ರತಿ ಸಲ ಒಂದೇ ಎತ್ತರದಿಂದ ಮೊನೆಯ ಮೇಲೆ ಬೀಳುತ್ತೆ. 100 ಗ್ರಾಂ ಭಾರ ಐದು ಸೆಂಟಿಮೀಟರಿನಿಂದ ಬಿದ್ದರೆ 0.05 ಜೂಲ್. ಹತ್ತನೇ ಸಲವೂ ಅಷ್ಟೇ, ಸಾವಿರನೇ ಸಲವೂ ಅಷ್ಟೇ. ಕೈಗೆ ಸುಸ್ತಾಗುತ್ತೆ, ಗುರುತ್ವಕ್ಕೆ ಸುಸ್ತಾಗಲ್ಲ.

"ಇದು ಮೋಸ ಅಲ್ವಾ?" ಅಂತ ಕೇಳೋರಿದ್ದಾರೆ. ನಾವು ಹೇಳೋದು, ರಿವೆಟ್ ಅಲ್ಲಿ ಏನು ಕೆಲಸ ಮಾಡುತ್ತೆ ಅಂತ ಮೊದಲು ಕೇಳಿಕೊಳ್ಳಿ. ಪ್ರಯಾಣಿಕರನ್ನು ಎಳೆಯೋ ಅಡ್ಡತೊಲೆಯಲ್ಲಿ ಉಬ್ಬು ಒತ್ತಿ ಬಿಟ್ಟರೆ ಅದು ಮೋಸ, ಅಪಾಯ ಕೂಡ. ನೋಟಕ್ಕಷ್ಟೇ ಇರುವ ಸಾಲಿನಲ್ಲಿ ಅದು ಜಾಣತನ.

ನೀವು ಈ ಕೆಲಸಕ್ಕೆ ಕೈ ಹಾಕೋರಾದರೆ ನಮ್ಮ ಸಲಹೆ ಇಷ್ಟು. ಮೊದಲು ಉದ್ದದ ಪಟ್ಟಿ, ಆಮೇಲೆ ತೂತಿನ ಪಟ್ಟಿ, ಆಮೇಲೆ ಭಾರದ ಡಾಲಿ, ಕೊನೆಗೆ ಒತ್ತುಯಂತ್ರ. ತೊಟ್ಟಿಗೆ ಕೈ ಹಚ್ಚೋ ಮುಂಚೆ ಅದೇ ದಪ್ಪದ ರದ್ದಿ ತಗಡಿನಲ್ಲಿ 50 ರಿವೆಟ್‌ಗಳ ಒಂದು ಸಾಲು ಮಾಡಿ, ಓರೆ ಬೆಳಕಿನಲ್ಲಿ ಹಿಡಿದು ನೋಡಿ. ಸಾಲು ಒಪ್ಪಿಗೆಯಾದ ಮೇಲೆ ಶುರು ಮಾಡಿ. ಮುಂದಿನ ಸಲ ಪಾರ್ಕಿನಲ್ಲಿ ಪುಟ್ಟ ಉಗಿಬಂಡಿ ಕಂಡರೆ ಅದರ ತೊಟ್ಟಿಯ ಪಕ್ಕ ಒಂದು ನಿಮಿಷ ಬಗ್ಗಿ ನೋಡಿ, ಓಡಿಸುವವರನ್ನು ರಿವೆಟ್ ಹೇಗೆ ಕೂರಿಸಿದಿರಿ ಅಂತ ಕೇಳಿ. ಮಾತು ಬೇಗ ಮುಗಿಯಲ್ಲ, ಅದಕ್ಕೆ ಸಿದ್ಧರಾಗಿ ಹೋಗಿ.